ಮೂರು ಗಂಟೆಯ ಟೀ

ಯರಿಂಬಾ ಎಂಬ ಗೋಧಿ ಸೀಮೆಯ ಊರಿನ ವೃದ್ಧಾಶ್ರಮದ ಬಾಗಿಲಲ್ಲಿ ಮೆರಿಲ್ ಲಾಕೆಟ್ ಬಂದು ನಿಂತಾಗ ಒಳಗೆ ಯಾರಿಗೂ ಅದರ ಸುಳಿವಿರಲಿಲ್ಲ. ಹೇಳದೆ ಕೇಳದೆ ಬರುವುದೇ ಅವಳ ಕೆಲಸ. ಹೇಳಿ ಬಂದರೆ ಯಾವ ಆಶ್ರಮವೂ ಮದುವೆ ಮನೆಯಂತಿರುತ್ತದೆ. ಮೇಜಿನ ಮೇಲೆ ಹೂವು, ಮುದುಕರಿಗೆ ಉಗುರು ತೆಗೆದು ತಲೆ ಬಾಚಿ ಕೂರಿಸಿರುತ್ತಾರೆ, ಅಡುಗೆಮನೆಯಿಂದ ಕುರಿಮಾಂಸ ಬೇಯುವ ಘಮ. ಅದನ್ನು ನೋಡಿ ತಲೆದೂಗಿ ಹೋಗಲಿ ಎಂದು ಸರ್ಕಾರ ಅವಳಿಗೆ ಸಂಬಳ ಕೊಡುತ್ತಿರಲಿಲ್ಲ. ಇಲ್ಲಿ ಮುದುಕರನ್ನು ಹೇಗೆ ನೋಡಿಕೊಳ್ಳುತ್ತಾರೆ, ನೆಟ್ಟಗೆ ನೋಡಿಕೊಳ್ಳುತ್ತಾರೋ ಇಲ್ಲವೋ, ಅದನ್ನು ಕಂಡು ಬರೆಯುವುದು ಅವಳ ಪಾಲಿನ ಕೆಲಸ.

ಜೊತೆಯಲ್ಲಿ ಡೂಗಲ್ ಎಂಬ ಹುಡುಗ ಇದ್ದ. ಮೂವತ್ತು ದಾಟಿದವನನ್ನು ಹುಡುಗ ಎನ್ನಬಾರದು ನಿಜ, ಆದರೆ ಮೆರಿಲ್‌ಗೆ ಅರವತ್ತು ಹತ್ತಿರವಾಗಿತ್ತು. ದಾದಿಯಾಗಿ ಅರ್ಧ ಆಯುಸ್ಸು ಸವೆಸಿ ಆಮೇಲೆ ಈ ಕೆಲಸಕ್ಕೆ ಬಂದವಳು. ಅವಳ ಕಣ್ಣಿಗೆ ಎಲ್ಲರೂ ಹುಡುಗರೇ. ಡೂಗಲ್ ಕಡತಗಳ ಮನುಷ್ಯ. ಕೊಠಡಿಯೊಂದರಲ್ಲಿ ಕೂತು ಆಶ್ರಮದ ಕಾಗದಪತ್ರಗಳನ್ನೆಲ್ಲ ಜಾಲಾಡಿ ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದ.

"ಎಲ್ಲ ಚೊಕ್ಕವಾಗಿದೆ. ಒಂದು ದೂರು ಅಂತ ಇಲ್ಲ. ಇಷ್ಟು ಒಳ್ಳೇ ಜಾಗ ನಾವು ಈ ವರ್ಷ ನೋಡೇ ಇಲ್ಲ" ಎಂದ.

"ದೂರೇ ಇಲ್ವಾ?"

"ಊಟ ತಣ್ಣಗಿತ್ತು ಅನ್ನೋ ದೂರು ಕೂಡ ಇಲ್ಲ."

ಮೆರಿಲ್ ಅದನ್ನು ನಂಬಲಿಲ್ಲ. ಮುದುಕರು ತುಂಬಿರುವ ಮನೆಯಲ್ಲಿ ಊಟದ ಬಗ್ಗೆ ಕೂಡ ದೂರಿಲ್ಲ ಎಂದರೆ, ಒಂದೋ ಅದು ಸ್ವರ್ಗ, ಇಲ್ಲವೇ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಸ್ವರ್ಗವನ್ನು ಅವಳು ತನಿಖೆಗೆಂದು ಹೋದ ಯಾವ ಊರಿನಲ್ಲೂ ಕಂಡಿರಲಿಲ್ಲ.

ಬೆಳಗಿನಿಂದ ಅವಳು ಒಬ್ಬೊಬ್ಬರನ್ನೇ ಮಾತಾಡಿಸಿದ್ದಳು. ಹೆಡ್ಲಿ ಎಂಬ ಮುದುಕ, ಗೋಧಿ ಬೆಳೆದು ಬೆಳೆದು ಬೆನ್ನು ಬಾಗಿದವನು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ದೂರೇನಿಲ್ಲಮ್ಮ. ಇದ್ರೂ ಕೇಳೋರ್ಯಾರು" ಎಂದು ನಕ್ಕಿದ್ದ. ಉಳಿದವರೂ ಅದೇ ರಾಗ. ಹುಡುಗೀರು ಚಿನ್ನದಂಥೋರು. ಊಟ ಚೆನ್ನಾಗಿದೆ. ನಮಗೇನು ಕಡಿಮೆಯಾಗಿದೆ. ಗೋಧಿ ಸೀಮೆಯ ಜನ ಹೀಗೇ ಎಂದು ಮೆರಿಲ್‌ಗೆ ಗೊತ್ತು. ಅವಳೂ ಇದೇ ಸೀಮೆಯ ಆ ಕೊನೆಯ ಒಂದು ಹೊಲಮನೆಯಲ್ಲಿ ಹುಟ್ಟಿ ಬೆಳೆದವಳು. ಕಾಲು ಮುರಿದವನನ್ನು ಹೇಗಿದ್ದೀಯಪ್ಪ ಎಂದು ಕೇಳಿದರೆ ಪರವಾಗಿಲ್ಲ ಎನ್ನುವ ಜನ. ತಮ್ಮವರ ಮೇಲೆ ಹೊರಗಿನವರ ಹತ್ತಿರ ಚಾಡಿ ಹೇಳುವುದಂತೂ ಇಲ್ಲಿ ಕಳ್ಳತನಕ್ಕಿಂತ ಕೆಟ್ಟದ್ದು. ಅದಕ್ಕೇ ಅವಳು ಇವರ ಮಾತು ಕೇಳುವುದಕ್ಕಿಂತ ಇವರ ನಡುವೆ ಸುಮ್ಮನೆ ಕೂರುವುದನ್ನು ನೆಚ್ಚಿಕೊಂಡಿದ್ದಳು.

ಮೂರು ಗಂಟೆಗೆ ದೊಡ್ಡ ಕೋಣೆಗೆ ಟೀ ಗಾಡಿ ಬಂತು. ತಳ್ಳಿಕೊಂಡು ಬಂದವಳು ಟೆಸ್, ಆರೈಕೆಯ ಹುಡುಗಿ, ಇದೇ ಊರಿನವಳು. ಗಾಡಿಯ ಮೇಲೆ ಹೊಟ್ಟೆ ಉಬ್ಬಿದ ದೊಡ್ಡ ಟೀಪಾಟು, ಹಾಲಿನ ಜಗ್ಗು, ಸಕ್ಕರೆ, ಬೆಣ್ಣೆ ಸಕ್ಕರೆಯ ಹುಡಿ ಉದುರಿಸಿ ಸುಟ್ಟ ಜರ್ಮನ್ ಕೇಕು. ಯರಿಂಬಾವನ್ನು ಕಟ್ಟಿದವರು ಜರ್ಮನ್ ಮೂಲದ, ಲೂಥರನ್ ಪಂಥದ ರೈತರು. ಆ ಕೇಕಿಲ್ಲದೆ ಅವರ ಮನೆಗಳಲ್ಲಿ ಮದುವೆಯೂ ಆಗುವುದಿಲ್ಲ, ಮಣ್ಣೂ ಆಗುವುದಿಲ್ಲ. ಈ ಆಶ್ರಮವನ್ನು ಕೂಡ ಒಂದು ಕಾಲದಲ್ಲಿ ಚರ್ಚಿನ ಹೆಂಗಸರು ಆ ಕೇಕು ಮಾರಿಯೇ ಕಟ್ಟಿಸಿದ್ದರು. ಈಗ ಅದು ದೂರದ ನಗರದ ಯಾವುದೋ ಕಂಪನಿಯ ಕೈಯಲ್ಲಿತ್ತು.

"ಟೀ ಕೊಡ್ಲಾ ಹೆಡ್ಲಿ?"

"ಬೇಡ ಕಣಮ್ಮ, ಹೊಟ್ಟೆ ತುಂಬಿದೆ. ಕೇಕ್ ಕೊಡು."

"ಎಲ್ವೀರಾ, ನಿಮಗೆ?"

"ಈಗಷ್ಟೇ ಊಟ ಆಗಿದೆ, ಬೇಡ. ಕೇಕು ಒಂದು ಚೂರು ಸಾಕು."

ಕಿಟಕಿಯ ಪಕ್ಕದವಳೂ ಬೇಡ ಎಂದಳು, ಅವಳ ಪಕ್ಕದವಳೂ ಬೇಡ ಎಂದಳು. ಗಾಡಿ ಕೋಣೆ ಸುತ್ತಿ ಬಂತು. ಟೀಪಾಟಿನ ಹೊಟ್ಟೆ ತುಂಬಿದಂತೆಯೇ ಇತ್ತು. ಎಲ್ಲರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ಹುಡಿ ಕೇಕನ್ನು ಒಣಬಾಯಲ್ಲೇ ಅಗಿಯುತ್ತಿದ್ದರು. ಮೆರಿಲ್‌ಗೆ ಅದು ವಿಚಿತ್ರವೆನಿಸಿತು. ಅವಳ ಅಮ್ಮನ ಅಡುಗೆಮನೆಯಲ್ಲಿ ಮೂರು ಗಂಟೆಯ ಟೀಯನ್ನು ಬೇಡ ಎಂದವರು ಯಾರೂ ಇರಲಿಲ್ಲ. ಬೇಡ ಎಂದರೆ ಜಗಳವಾಗಿದೆ, ಇಲ್ಲವೇ ಯಾರೋ ತೀರಿಕೊಂಡಿದ್ದಾರೆ ಎಂದೇ ಲೆಕ್ಕ.

ಇನ್ನೊಂದು ಕಾರಣವೂ ಇತ್ತು. ತನಿಖೆಗೆ ಹೋದ ಕಡೆ ಒಂದು ಗುಟುಕು ಟೀಯನ್ನೂ ಮುಟ್ಟಬಾರದು ಎಂಬುದು ಅವಳ ಕೆಲಸದ ಕಟ್ಟಳೆ. ತನ್ನದೇ ಫ್ಲಾಸ್ಕು ಕಟ್ಟಿಕೊಂಡು ತಿರುಗುವವಳು ಅವಳು. ಕುಡಿಯಬೇಕೆಂದು ಆಸೆಯಿದ್ದು ಬೇಡ ಎನ್ನುವ ಮುಖ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಕೋಣೆಯ ತುಂಬ ಅದೇ ಮುಖ ಕಾಣುತ್ತಿತ್ತು.

ಎಲ್ವೀರಾಳ ಪಕ್ಕದ ದೊಡ್ಡ ಕುರ್ಚಿಯಲ್ಲಿ ಅವಳ ಗಂಡ ಅರ್ನೋ ಕೂತಿದ್ದ. ಆನೆಯಂಥ ಆಳು, ಮರೆವು ಬಂದು ಮಗುವಾಗಿದ್ದ. ಇಬ್ಬರು ಹಿಡಿಯದೆ ಎದ್ದು ನಿಲ್ಲುವ ಶಕ್ತಿ ಕಾಲಿಗಿರಲಿಲ್ಲ. ಅವನು ಗಾಡಿಯ ಕಡೆ ಕುತ್ತಿಗೆ ಚಾಚಿ ಹೆಂಡತಿಯನ್ನು ಕೇಳಿದ:

"ಎಲ್ವಿ, ಟೀ ಆಯ್ತಾ ನಮ್ದು?"

"ಈಗ ತಾನೆ ಕುಡಿದ್ಯಲ್ಲ ಅರ್ನೋ."

"ಕುಡಿದ್ನಾ?"

"ಕುಡಿದೆ. ಎರಡು ಚಮಚ ಸಕ್ಕರೆ ಹಾಕಿಸ್ಕೊಂಡು ಕುಡಿದೆ."

ಅರ್ನೋ ಒಪ್ಪಿಕೊಂಡ. ನಾಲಿಗೆಯಿಂದ ತುಟಿ ಸವರಿಕೊಂಡು ಸಕ್ಕರೆಯ ರುಚಿ ಹುಡುಕುವವನಂತೆ ಕೂತ. ಊಟ ಮುಗಿದಾಗಿನಿಂದ ಅವನ ಕೈಗೆ ಯಾರೂ ಕಪ್ಪು ಕೊಟ್ಟಿರಲಿಲ್ಲ. ಮೆರಿಲ್ ಅಲ್ಲೇ ಕೂತಿದ್ದಳು. ಹೆಂಡತಿಯೊಬ್ಬಳು ಅಷ್ಟು ಮೆತ್ತಗೆ, ಅಷ್ಟು ಅಭ್ಯಾಸದಿಂದ ಸುಳ್ಳು ಹೇಳುವುದನ್ನು ಅವಳು ಕೇಳಿಯೇ ಇರಲಿಲ್ಲ.

ಆಮೇಲೆ ಅರ್ನೋ ನಿದ್ದೆಗೆ ಜಾರಿದ ಮೇಲೆ, ಎಲ್ವೀರಾ ತಾನು ಊರಿಕೊಂಡು ನಡೆಯುವ ಚಕ್ರದ ಊರುಗಾಡಿ ತಳ್ಳಿಕೊಂಡು ಜಗಲಿಗೆ ಹೋದಳು. ಮೆರಿಲ್ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತಳು. ಎದುರಿಗೆ ಮೆಣಸಿನಂಥ ಕೆಂಪು ಕಾಳು ಬಿಡುವ ಮೆಣಸಿನ ಮರ, ಅದರಾಚೆ ಗೋಧಿ ತುಂಬುವ ಸೈಲೋ, ಅದರಾಚೆ ಕಟಾವಾದ ಹೊಲ.

"ಮಿಸೆಸ್ ಝ್ವಾರ್, ಒಂದು ಮಾತು ಕೇಳ್ಬೋದಾ?"

"ಎಲ್ವೀರಾ ಅನ್ನು ಮಗಳೇ. ಮಿಸೆಸ್ ಝ್ವಾರ್ ಅಂದ್ರೆ ನಮ್ಮತ್ತೆ. ಪುಣ್ಯಕ್ಕೆ ಅವಳು ಮಣ್ಣು ಸೇರಿ ಕಾಲವಾಯ್ತು."

"ಎಲ್ವೀರಾ, ನೀವು ಯಾರೂ ಟೀ ಯಾಕೆ ಕುಡಿಯಲ್ಲ?"

ಎಲ್ವೀರಾ ಕಾರ್ಡಿಗನ್ನಿನ ಗುಂಡಿಯೊಂದನ್ನು ತಿರುಗಿಸುತ್ತ ಕೂತಳು.

"ವಯಸ್ಸಾದೋರಿಗೆ ಬಾಯಾರಿಕೆ ಇರಲ್ಲ."

"ನಾನು ದಾದಿಯಾಗಿದ್ದೋಳು. ನಿಮ್ಮ ತುಟಿ ಒಡೆದಿದೆ."

"ಕಣ್ಣು ಹದ್ದಿನ ಹಾಗಿದೆ ನಿಂದು."

"ಸಂಬಳ ಅದಕ್ಕೇ ಕೊಡ್ತಾರೆ."

ಎಲ್ವೀರಾಳ ಮುಖದಲ್ಲಿ ಅರೆನಗು ಬಂದು ಹೋಯಿತು. ಆಮೇಲೆ ಅವಳು ಹೇಳಿದ್ದು ಇಷ್ಟು. ಮಧ್ಯಾಹ್ನದ ಪಾಳಿಗೆ ಮೊದಲು ಮೂವರು ಹುಡುಗಿಯರಿದ್ದರು. ಕಂಪನಿ ಒಬ್ಬಳನ್ನು ಕಡಿಮೆ ಮಾಡಿತು. ಹೆಚ್ಚಿನವರನ್ನು ಟಾಯ್ಲೆಟ್ಟಿಗೆ ಕರೆದೊಯ್ಯಬೇಕಾದರೆ ಇಬ್ಬರು ಬೇಕು, ಜೊತೆಗೆ ಜೋಲಿ ಹಾಕಿ ಎತ್ತುವ ಯಂತ್ರ ಬೇಕು. ಒಬ್ಬರನ್ನು ಎತ್ತುತ್ತಿರುವಾಗ ಇನ್ನೊಬ್ಬರು ಗಂಟೆ ಒತ್ತಿದರೆ ಬರುವವರಿಲ್ಲ. ಒಂದು ಮಧ್ಯಾಹ್ನ ಟೆಸ್ ಬಟ್ಟೆ ಕೋಣೆಯಲ್ಲಿ ಸೊಂಟ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದದ್ದು ಎಲ್ವೀರಾಳ ಕಿವಿಗೆ ಬಿತ್ತು.

"ಅವಳು ಚರ್ಚಲ್ಲಿ ನನ್ನ ಭಾನುವಾರದ ಪಾಠಶಾಲೇಲಿ ಕೂತಿದ್ದ ಹುಡುಗಿ. ನಮ್ಮೂರ ಮಗು. ನಾವು ಕುಡಿಯೋದು, ಅವಳು ಸೊಂಟ ಮುರ್ಕೊಳೋದು. ನ್ಯಾಯಾನಾ? ಅದಕ್ಕೆ ನಾನೇ ಎಲ್ರಿಗೂ ಹೇಳ್ದೆ. ಊಟ ಆದ್ಮೇಲೆ ರಾತ್ರಿ ಪಾಳಿ ಬರೋತನಕ ಯಾರೂ ಏನೂ ಕುಡಿಯೋದು ಬೇಡ. ಕುಡೀದೆ ಇದ್ರೆ ಹೋಗೋದೂ ಬೇಡ. ಎಲ್ರೂ ಒಪ್ಕೊಂಡ್ರು. ಹೆಡ್ಲಿ ಕೂಡ ಒಪ್ಕೊಂಡ, ಜನ್ಮದಲ್ಲಿ ಒಂದ್ಸಲ ಹೆಂಗಸರ ಮಾತು ಕೇಳ್ದ."

"ಹುಡುಗಿಯರಿಗೆ ಗೊತ್ತಾ?"

"ಗೊತ್ತಾದ್ರೆ ಬಿಟ್ಟಾರಾ? ಬಲವಂತವಾಗಿ ಕುಡಿಸ್ತಾರೆ."

"ಅರ್ನೋ?"

ಎಲ್ವೀರಾಳ ಬೆರಳು ಗುಂಡಿಯ ಮೇಲೆ ನಿಂತಿತು. "ಅವನಿಗೆ ಹೇಳಿದ್ರೆ ನೆನಪಿರಲ್ಲ. ದಿನಾ ಕೇಳ್ತಾನೆ. ದಿನಾ ಸುಳ್ಳು ಹೇಳ್ತೀನಿ. ಅರವತ್ತು ವರ್ಷದ ಸಂಸಾರದಲ್ಲಿ ಒಂದು ಸುಳ್ಳು ಹೇಳಿರಲಿಲ್ಲ ಅವನಿಗೆ. ಈಗ ಆ ಕೆಲಸ ಕಲ್ತಿದೀನಿ." ಅವಳು ಮೆರಿಲ್‌ಳ ಮಣಿಕಟ್ಟು ಹಿಡಿದುಕೊಂಡಳು. ಕೈ ಕಾಗದದಷ್ಟು ಹಗುರವಾಗಿತ್ತು, ಹಿಡಿತ ಮಾತ್ರ ಹಗುರವಾಗಿರಲಿಲ್ಲ. "ಇದನ್ನ ಬರೀಬೇಡ. ನೀನು ಬರೆದ್ರೆ ಈ ಆಶ್ರಮಾನೇ ಮುಚ್ಚಿಸ್ತಾರೆ. ಕಣಿವೆ ಊರಿನ ಆಶ್ರಮ ಹೀಗೇ ಮುಚ್ಚಿತು. ಗಂಡ ಹೆಂಡತೀನ ಬೇರೆ ಬೇರೆ ಊರಿಗೆ ಹಾಕಿದ್ರು. ಅವನಿಗೆ ಮರೆವಿನೋರ ಮನೆ, ಅವಳಿಗೆ ಇನ್ನೆಲ್ಲೋ. ಅರ್ನೋಗೆ ನನ್ನ ಹೆಸರೊಂದು ನೆನಪಿದೆ. ಎದುರಿಗಿಲ್ಲದೇ ಇದ್ರೆ ಅದೂ ಹೋಗುತ್ತೆ."

ಮೆರಿಲ್‌ಗೆ ಮುಚ್ಚುವುದಿಲ್ಲ ಎಂದು ಮಾತು ಕೊಟ್ಟುಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಅದು ಅವಳ ಕೈಯಲ್ಲಿರಲಿಲ್ಲ. ಅವಳು ಬರೆಯುತ್ತಾಳೆ, ಮೇಲಿನವರು ತೀರ್ಮಾನಿಸುತ್ತಾರೆ. ಸರಿಪಡಿಸಿ ಎಂದು ಗಡುವು ಕೊಡುವುದೇ ಹೆಚ್ಚು. ಕಂಪನಿಗೆ ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ ಬಾಗಿಲು ಮುಚ್ಚಿದ್ದೂ ಉಂಟು.

"ನಾನು ಯಾವ ಮಾತೂ ಕೊಡೋಕಾಗಲ್ಲ, ಎಲ್ವೀರಾ. ಆದ್ರೆ ಒಂದು ವಿಷಯ ತಿಳ್ಕೊಳಿ. ಕಂಪನಿಯವರು ನಿಮ್ಮ ಸುದ್ದಿ ಓದೋದು ದೂರಿನಲ್ಲಿ. ದೂರಿಲ್ಲ, ಯಾರೂ ಬಿದ್ದಿಲ್ಲ, ಯಾರೂ ಕಾದಿಲ್ಲ ಅಂದ್ರೆ ಅವರು ಏನಂತಾರೆ? ಇಬ್ಬರೇ ಸಾಕು, ನೋಡಿ ಎಷ್ಟು ಚೆನ್ನಾಗಿ ನಡೀತಿದೆ ಅಂತಾರೆ. ನೀವು ಬಾಯಾರಿ ಕೂತಿರೋದ್ರಿಂದ ಟೆಸ್‌ಗೆ ಮೂರನೇ ಹುಡುಗಿ ಸಿಗ್ತಾ ಇಲ್ಲ."

ಎಲ್ವೀರಾ ಕೈ ಬಿಟ್ಟಳು. ಸೈಲೋದ ಕಡೆ ಮುಖ ತಿರುಗಿಸಿದಳು. ಮೆಣಸಿನ ಮರದಲ್ಲಿ ಮ್ಯಾಗ್‌ಪೈ ಹಕ್ಕಿಯೊಂದು ಕೊಳಲಿನಂತೆ ಕೂಗಿ ಸುಮ್ಮನಾಯಿತು.

"ನೀರು ಕಡಿಮೆಯಾದ್ರೆ ಏನಾಗುತ್ತೆ, ದಾದಿಯಲ್ವಾ ನೀನು, ಹೇಳು."

"ಉರಿಮೂತ್ರ ಬರುತ್ತೆ. ಸೋಂಕು ಏರಿದ್ರೆ ಜ್ವರ. ತಲೆ ಕೆಟ್ಟೋರ ಹಾಗೆ ಬಡಬಡಿಸ್ತಾರೆ."

"ಓಲ್ಗಾ ಹಾಗೇ ಬಡಬಡಿಸಿದ್ಲು." ಎಲ್ವೀರಾಳ ಧ್ವನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಚಳಿಗಾಲದಲ್ಲಿ. ಗೋಡೆ ಮೇಲೆ ಕುರಿ ಓಡ್ತಿವೆ ಅಂದ್ಲು. ಆಸ್ಪತ್ರೆಗೆ ಒಯ್ದ್ರು, ವಾಪಸ್ ಬರಲಿಲ್ಲ. ನನ್ನ ಗೆಳತಿ ಅವಳು. ಟೀ ಅಂದ್ರೆ ಪ್ರಾಣ ಬಿಡೋಳು. ಅವಳನ್ನ ಒಪ್ಪಿಸಿದ್ದೂ ನಾನೇ. ಅದರಿಂದಾನಾ?"

ಮೆರಿಲ್ "ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ" ಎಂದಳು. ಅದು ನಿಜವಾಗಿತ್ತು.

"ಹೋಗು ಈಗ," ಎಂದಳು ಎಲ್ವೀರಾ. "ನನ್ನನ್ನ ಒಬ್ಬಳೇ ಬಿಡು."

ಮೆರಿಲ್ ನೆಟ್ಟಗೆ ಡೂಗಲ್‌ನ ಹತ್ತಿರ ಹೋಗಿ ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದಳು, ಆಮೇಲೆ ಇಬ್ಬರೂ ಆಶ್ರಮ ನಡೆಸುವ ರಾಂಡಾ ನೋಸ್ಕೆಯ ಕೋಣೆಗೆ ಹೋದರು. ರಾಂಡಾ ಕಣ್ಣಿನ ಕೆಳಗೆ ಕಪ್ಪು ಕಟ್ಟಿದ, ಮೇಜಿನ ಮೇಲೆ ಅರ್ಧ ತಿಂದ ಸ್ಯಾಂಡ್‌ವಿಚ್ ಮರೆತ ಹೆಂಗಸು. ಟೀ ವಿಷಯ ಕೇಳಿದಾಗ ಅವಳ ಮುಖ ಬಿಳುಚಿತು.

"ಸೆಕೆಗೆ ಕುಡಿಯಲ್ವೇನೋ ಅಂದ್ಕೊಂಡಿದ್ದೆ. ನನ್ನ ಕಣ್ಣಿಗೆ ಮಣ್ಣು ಹಾಕ." ಅವಳು ಕೂತಲ್ಲೇ ಕುಸಿದಳು. "ಇನ್ನೊಬ್ಬಳನ್ನ ಕೊಡಿ ಅಂತ ಬೇಡಿ ಬೇಡಿ ಸಾಕಾಗಿದೀನಿ. ಅಲ್ಲಿಂದ ಬರೋ ಉತ್ತರ ಒಂದೇ. ನಿಮ್ಮಲ್ಲಿ ದೂರೇ ಇಲ್ವಲ್ಲ ರಾಂಡಾ ಅಂತಾರೆ."

"ಇವತ್ತು ಸಂಜೆಯಿಂದ್ಲೇ ಎಲ್ರಿಗೂ ಕುಡಿಯೋಕೆ ಕೊಡ್ಬೇಕು," ಎಂದಳು ಮೆರಿಲ್.

"ನಾನೇ ನಿಂತು ಕುಡಿಸ್ತೀನಿ. ಆದ್ರೆ ಕರ್ಕೊಂಡು ಹೋಗೋರ್ಯಾರು, ನೀವೇ ಹೇಳಿ."

ಹೊರಗೆ ಬಂದಾಗ ಡೂಗಲ್ ತಲೆ ಕೆರೆದುಕೊಂಡ. "ನಾವು ಕಂಡಿದ್ದು ಕುಡಿಯದೆ ಕೂತಿದ್ದನ್ನ. ಬೇಡ ಅಂದ್ರು ಅಂತ ಕಂಪನಿಯವರು ಜಾರ್ಕೊತಾರೆ. ಬಲವಂತ ಮಾಡೋಕಾಗುತ್ತಾ, ಅದು ಅವರಿಷ್ಟ ಅಂತಾರೆ. ಅಜ್ಜಿ ತಾನೇ ಬಾಯಿಬಿಟ್ಟು ಬರ್ಕೊಳಿ ಅನ್ಬೇಕು."

"ಅವಳು ಅನ್ನಲ್ಲ," ಎಂದಳು ಮೆರಿಲ್. "ನಾನಾಗಿದ್ರೂ ಅಂತಿರಲಿಲ್ಲ."

ಮರುದಿನ ಮಧ್ಯಾಹ್ನ ಗಾಡಿ ಬರುವ ಹೊತ್ತಿಗೆ ಮೆರಿಲ್ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದಳು. ಹಿಂದಿನ ಸಂಜೆ ರಾಂಡಾ ಕೋಣೆ ಕೋಣೆಗೂ ಹೋಗಿ ಕೈಮುಗಿದು ಕೇಳಿಕೊಂಡಿದ್ದಳಂತೆ. ಎಲ್ಲರೂ ಒಂದೊಂದು ಗುಟುಕು ಹೀರಿ ಲೋಟ ಕೆಳಗಿಟ್ಟಿದ್ದರಂತೆ. ಎಲ್ವೀರಾ ಭಾನುವಾರದ ನೀಲಿ ಉಡುಪು ಉಟ್ಟು, ಕುತ್ತಿಗೆಗೆ ಹರಳಿನ ಪಿನ್ನು ಸಿಕ್ಕಿಸಿಕೊಂಡು ಗಂಡನ ಪಕ್ಕದಲ್ಲಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಟೆಸ್ ಗಾಡಿ ನಿಲ್ಲಿಸಿದಳು.

"ಎಲ್ವೀರಾ, ಇವತ್ತಾದ್ರೂ ಒಂದು ಕಪ್?"

"ಕೊಡು ಟೆಸ್. ಅರ್ನೋಗೂ ಕೊಡು. ತುಂಬಿಸಿ ಕೊಡು, ಎರಡು ಚಮಚ ಸಕ್ಕರೆ."

ಹೆಡ್ಲಿ ಬಾಯಿಗಿಡುತ್ತಿದ್ದ ಕೇಕನ್ನು ಹಾಗೇ ತಡೆದು ಹಿಡಿದ. ಕಿಟಕಿಯ ಪಕ್ಕದವಳು ತಲೆ ತಗ್ಗಿಸಿದಳು. ಎಲ್ವೀರಾ ಯಾರನ್ನೂ ನೋಡಲಿಲ್ಲ, ಮೆರಿಲ್‌ಳನ್ನು ಮಾತ್ರ ಒಂದು ಸಲ ನೋಡಿದಳು. ದೂರಿದ್ರೆ ತಾನೇ ಓದ್ತಾರೆ ಅಂದೆಯಲ್ಲ, ನೋಡು ಎನ್ನುವ ನೋಟ ಅದು.

ಅರ್ನೋ ಎರಡೂ ಕೈಯಲ್ಲಿ ಕಪ್ಪು ಹಿಡಿದು ಕುಡಿದ. ಕುಡಿದ ರೀತಿ ನೋಡುವಂತಿರಲಿಲ್ಲ. ಬಿಸಿಲಲ್ಲಿ ಕಟಾವು ಮುಗಿಸಿ ಬಂದವನು ಕೂಡ ಹಾಗೆ ಕುಡಿಯುವುದಿಲ್ಲ. ಮುಗಿಸಿ ಕಪ್ಪು ಚಾಚಿದ, ಎಲ್ವೀರಾ ತನ್ನ ಕಪ್ಪನ್ನೂ ಅವನಿಗೆ ಕೊಟ್ಟಳು, ಅದನ್ನೂ ಕುಡಿದ. ಗಡ್ಡದ ಮೇಲೆ ಇಳಿದದ್ದನ್ನು ಎಲ್ವೀರಾ ಕರವಸ್ತ್ರದಿಂದ ಒರೆಸಿದಳು.

ಸ್ವಲ್ಪ ಹೊತ್ತಿಗೆ ಅವನು ಕುರ್ಚಿಯಲ್ಲಿ ಮಿಸುಕಾಡತೊಡಗಿದ. "ಎಲ್ವಿ," ಎಂದ ಮೆಲ್ಲಗೆ, "ಹೋಗ್ಬೇಕು."

ಎಲ್ವೀರಾ ಕರೆಗಂಟೆ ಒತ್ತಿದಳು. ಬಾಗಿಲ ಮೇಲಿನ ದೀಪ ಹತ್ತಿತು. ಯಾರೂ ಬರಲಿಲ್ಲ. ಮೆರಿಲ್ ಕಾಯಲಿಲ್ಲ, ಎದ್ದು ಪಡಸಾಲೆಗೆ ಓಡಿದಳು. ಟೆಸ್ ಮತ್ತು ಇನ್ನೊಬ್ಬ ಹುಡುಗಿ ಮೂಲೆಯ ಕೋಣೆಯಲ್ಲಿ ಒಬ್ಬ ಅಜ್ಜಿಯನ್ನು ಜೋಲಿಯಲ್ಲಿ ಎತ್ತಿದ್ದರು. ಅಜ್ಜಿ ಗಾಳಿಯಲ್ಲಿ ತೂಗುತ್ತಿದ್ದಳು.

"ಅರ್ನೋಗೆ ತಕ್ಷಣ ಹೋಗ್ಬೇಕಂತೆ."

"ಇವರನ್ನ ಬಿಟ್ಟು ಬರೋದು ಹೇಗೆ?" ಎಂದಳು ಟೆಸ್. ಕಣ್ಣಲ್ಲಿ ಆಗಲೇ ನೀರು. "ರಾಂಡಾನ ಕರೀರಿ, ದಮ್ಮಯ್ಯ."

ರಾಂಡಾ ಫೋನು ಎಸೆದು ಓಡಿ ಬಂದಳು. ಅವರಿಬ್ಬರೂ ದೊಡ್ಡ ಕೋಣೆ ತಲುಪುವ ಹೊತ್ತಿಗೆ ಅರ್ನೋನ ಬೂದು ಬಣ್ಣದ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿ ಕಪ್ಪಾಗಿತ್ತು. ಕುರ್ಚಿಯ ಕೆಳಗೆ ನೆಲದ ಮೇಲೆ ನೀರು ಹರಡುತ್ತಿತ್ತು. ಚರ್ಚಿನ ಹಿರಿಯನಾಗಿ ಭಾನುವಾರ ಮುಂದಿನ ಸಾಲಿನಲ್ಲಿ ಎದೆಯೆತ್ತಿ ನಿಂತಿದ್ದ ಮನುಷ್ಯ. ಮರೆವು ಅವನಿಂದ ಏನೇನೋ ಕಿತ್ತುಕೊಂಡಿತ್ತು, ನಾಚಿಕೆಯನ್ನು ಮಾತ್ರ ಉಳಿಸಿತ್ತು. ಅವನು ಎರಡೂ ಕೈಯಿಂದ ತೊಡೆ ಮುಚ್ಚಿಕೊಂಡು, "ತಪ್ಪಾಯ್ತು ಎಲ್ವಿ, ತಪ್ಪಾಯ್ತು" ಎನ್ನುತ್ತಿದ್ದ.

ಎಲ್ವೀರಾ ತನ್ನ ಕ್ರೋಶಾ ಹೆಣಿಗೆಯ ಹೊದಿಕೆಯನ್ನು ಅವನ ಮೇಲೆ ಹರಡಿ, ಎಲ್ಲರಿಗೂ ಬೆನ್ನು ಮಾಡಿ, ಅವನಿಗೆ ಅಡ್ಡವಾಗಿ ನಿಂತಿದ್ದಳು. "ನಿಂದಲ್ಲ ತಪ್ಪು," ಎಂದಳು. "ನಿಂದಲ್ಲ, ಸುಮ್ನಿರು."

ಮೆರಿಲ್ ಗೋಡೆಯ ಪಕ್ಕ ನಿಂತು ಎಲ್ಲವನ್ನೂ ನೋಡಿದಳು. ನೋಡುವುದೇ ಅವಳ ಕೆಲಸವಾಗಿತ್ತು, ಆ ಗಳಿಗೆಯಲ್ಲಿ ಆ ಕೆಲಸದ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು. ತಾನು ನಿನ್ನೆ ಜಗಲಿಯಲ್ಲಿ ಆ ಮಾತು ಆಡದಿದ್ದರೆ ಈ ಮನುಷ್ಯ ಇವತ್ತು ಒಣಬಾಯಲ್ಲಿ, ಒಣಬಟ್ಟೆಯಲ್ಲಿ, ಮಾನದಿಂದ ಕೂತಿರುತ್ತಿದ್ದ. ಕೆಲಸ ಮುಗಿಸಿ ಬಂದ ಟೆಸ್ ಮತ್ತು ರಾಂಡಾ ಸೇರಿ ಅವನನ್ನು ಗಾಲಿಕುರ್ಚಿಗೆ ಹೊರಳಿಸಿ ಕರೆದೊಯ್ದರು.

ಹೆಡ್ಲಿ ತಟ್ಟೆಯನ್ನು ಪಕ್ಕಕ್ಕಿಟ್ಟು ಗಂಟಲು ಸರಿಪಡಿಸಿಕೊಂಡ.

"ಏನಮ್ಮ, ಸರ್ಕಾರದೋಳೇ. ನಿನ್ನೆ ನಾನು ದೂರಿಲ್ಲ ಅಂದ್ನಲ್ಲ, ಅದು ಸುಳ್ಳು. ಬರ್ಕೋ. ನನ್ನ ಹೆಸರು ಹಾಕಿ ಬರ್ಕೋ."

ಕಿಟಕಿಯ ಪಕ್ಕದವಳು, "ನಂದೂ" ಎಂದಳು. ಉಳಿದವರು ಒಬ್ಬೊಬ್ಬರಾಗಿ ಕೈಯೆತ್ತಿದರು, ಶಾಲೆಯ ಮಕ್ಕಳು ಎತ್ತುವ ಹಾಗೆ.

ಮೆರಿಲ್ ಎಲ್ವೀರಾಳ ಹತ್ತಿರ ಹೋಗಿ ಮಂಡಿಯೂರಿ ಕೂತಳು. "ಬರೀತೀನಿ," ಎಂದಳು. "ಆಮೇಲೆ ಏನಾಗುತ್ತೋ ನಂಗೊತ್ತಿಲ್ಲ. ನಿಮ್ಮಿಬ್ಬರನ್ನ ಬೇರೆ ಮಾಡಬಾರದು ಅಂತಾನೂ ಬರೀತೀನಿ. ಅದನ್ನ ಕೇಳ್ತಾರೋ ಇಲ್ವೋ, ಅದೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದೇ ನಿನ್ನ ಜಪ," ಎಂದಳು ಎಲ್ವೀರಾ. ಆದರೂ ಕೈ ಚಾಚಿ ಮೆರಿಲ್‌ಳ ಕೆನ್ನೆ ಮುಟ್ಟಿದಳು. "ಬರಿ ಮಗಳೇ. ಓಲ್ಗಾ ಹೆಸರೂ ಬರಿ."

ಅರ್ನೋ ತಿರುಗಿ ಬಂದಾಗ ಬೇರೆ ಪ್ಯಾಂಟು ಹಾಕಿದ್ದರು, ಕೂದಲು ಒದ್ದೆ ಮಾಡಿ ಬಾಚಿದ್ದರು. ನಡೆದದ್ದರ ನೆರಳೂ ಮುಖದಲ್ಲಿರಲಿಲ್ಲ. ಅವನ ಗಾಲಿಕುರ್ಚಿಯನ್ನು ಹೆಂಡತಿಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಅವನು ಟೀ ಗಾಡಿಯನ್ನು ಕಂಡ, ಕುತ್ತಿಗೆ ಚಾಚಿದ.

"ಎಲ್ವಿ, ಟೀ ಆಯ್ತಾ ನಮ್ದು?"

ಎಲ್ವೀರಾಳ ನಾಲಿಗೆಗೆ ಕುಡಿದ್ಯಲ್ಲ ಎಂಬ ಉತ್ತರ ರೂಢಿಯಾಗಿಹೋಗಿತ್ತು, ಇವತ್ತು ಅದು ನಿಜವೂ ಆಗಿತ್ತು. ಅವಳು ಗಂಡನ ಒಣಗಿದ ತುಟಿಯನ್ನು ನೋಡಿದಳು, ಊರುಗಾಡಿ ಹಿಡಿದು ನಿಧಾನವಾಗಿ ಎದ್ದಳು, ಟೀಪಾಟಿಗೆ ಕೈ ಹಾಕಿದಳು.

"ಇಲ್ಲ ಅರ್ನೋ," ಎಂದಳು. "ನೀನಿನ್ನೂ ಕುಡಿದೇ ಇಲ್ಲ. ತಾಳು, ಹಾಕ್ತೀನಿ."